ನಡುಗಡ್ಡೆಗೆ ಮೊದಲು ಕಾಲಿಟ್ಟವರು

ಗ್ಲೋಬ್ ಮೇಷ್ಟ್ರಿಗೆ ಬದುಕಿನಲ್ಲಿ ಇದ್ದದ್ದು ಒಂದೇ ಕೊರಗು. ವಾಚನಾಲಯದಲ್ಲಿ ಅವರು ಬಾಯಿ ತೆರೆದರೆ ಊರಿನವರು ಕಿವಿ ನೆಟ್ಟಗೆ ಮಾಡಿಕೊಂಡು ಕೂರುತ್ತಿದ್ದರು. ಮನೆಯಲ್ಲಿ ಬಾಯಿ ತೆರೆದರೆ ಹೆಂಡತಿ ಮಿಕ್ಸಿ ಹಾಕುತ್ತಿದ್ದಳು. ಬೇಕೆಂದೇ ಹಾಕುತ್ತಿದ್ದಳು ಎಂದು ನಾನು ಹೇಳುವುದಿಲ್ಲ. ಆದರೆ ಸಾಗರ, ಹಾಯಿ, ಖಂಡ ಎಂಬ ಪದಗಳು ಹಜಾರದಿಂದ ಹೊರಟು ಅಡುಗೆಮನೆಯ ಹೊಸಿಲು ದಾಟುವ ಹೊತ್ತಿಗೆ ಸರಿಯಾಗಿ ಅಲ್ಲಿ ಏನಾದರೂ ರುಬ್ಬುವುದು ಇದ್ದೇ ಇರುತ್ತಿತ್ತು. ಮದುವೆಯಾದಾಗಿನಿಂದ ಆಕೆ ಗಂಡನ ಒಂದು ಭಾಷಣಕ್ಕೂ ಬಂದವಳಲ್ಲ, ಒಂದು ಸಲವೂ ಭೇಷ್ ಅಂದವಳಲ್ಲ. ಊರೆಲ್ಲ ಹೊಗಳಿದರೂ ಆ ಒಂದು ಭೇಷ್ ಸಿಗದೆ ಮೇಷ್ಟ್ರಿಗೆ ಅನ್ನ ಇಳಿಯುತ್ತಿರಲಿಲ್ಲ (ಎರಡನೇ ಸಲ ಬಡಿಸಿಕೊಳ್ಳುತ್ತಿದ್ದರು, ಆ ಮಾತು ಬೇರೆ).

ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತರಾದ ಮೇಲೆ ಮೇಷ್ಟ್ರು ಒಂದೇ ವಿಷಯಕ್ಕೆ ಜಿಗಣೆಯ ಹಾಗೆ ಅಂಟಿಕೊಂಡಿದ್ದರು. ಸಾಗರದಾಚೆಯ ಆ ದೊಡ್ಡ ಖಂಡಕ್ಕೆ ಪಾಠಪುಸ್ತಕದ ನಾವಿಕನಿಗಿಂತ ಮುಂಚೆ ಹೋದವರು ಯಾರು? ಮೇಷ್ಟ್ರ ಪಕ್ಷ, ಚರ್ಮದ ದೋಣಿಯಲ್ಲಿ ಹೊರಟ ಸನ್ಯಾಸಿಗಳದ್ದು. ದಿಕ್ಸೂಚಿ ಇಲ್ಲದೆ, ನಕ್ಷೆ ಇಲ್ಲದೆ, ತೊಗಲು ಹೊಲಿದ ಬುಟ್ಟಿಯಂಥದ್ದರಲ್ಲಿ ಕೂತು, ಮಂಜುಗಡ್ಡೆಗಳ ನಡುವೆ ನುಸುಳಿಕೊಂಡು ಹೋದರಲ್ಲ ಮಹಾನುಭಾವರು, ಎಂದು ಹೇಳುವಾಗ ಅವರು ನಿಜವಾಗಿಯೂ ಕೈ ಮುಗಿಯುತ್ತಿದ್ದರು. ಅವರ ವಿದ್ವತ್ತಿನ ಬಗ್ಗೆ ಯಾರು ಏನೇ ಅನ್ನಲಿ, ಆ ಭಕ್ತಿಯಲ್ಲಿ ಕಲಬೆರಕೆ ಇರಲಿಲ್ಲ.

ವಿರೋಧ ಪಕ್ಷದ ನಾಯಕರು ಹೆಂಡತಿಯ ಅಣ್ಣನೇ. ಬೀಗದ ಅಂಗಡಿ ಇಟ್ಟಿದ್ದರಿಂದ ಬೀಗದ ಭಾವ. ಅವರ ಪ್ರಕಾರ ಮೊದಲು ಹೋದವರು ಮೀನುಗಾರರು. ಹೋದರು, ದೋಣಿ ತುಂಬ ಮೀನು ತುಂಬಿಕೊಂಡರು, ಬಂದರು, ಯಾರಿಗೂ ತುಟಿ ಬಿಚ್ಚಲಿಲ್ಲ. ಒಳ್ಳೆ ಮೀನು ಸಿಗೋ ಜಾಗವನ್ನು ಯಾರಾದರೂ ಡಂಗುರ ಸಾರುತ್ತಾರಾ ಎಂಬುದು ಅವರ ವಾದ. ಬಾಯಿ ಮುಚ್ಚಿಕೊಂಡದ್ದೇ ಸಾಕ್ಷಿ ಅನ್ನುವುದಾದರೆ ನಮ್ಮಜ್ಜಿ ಚಂದ್ರನ ಮೇಲೆ ಓಡಾಡಿ ಬಂದಿದ್ದಳು ಎಂದೂ ಹೇಳಬಹುದು ಎಂದು ಮೇಷ್ಟ್ರು ಸಿಡುಕುತ್ತಿದ್ದರು. ಪ್ರತಿ ಶನಿವಾರ ಮಧ್ಯಾಹ್ನ ಮೇಷ್ಟ್ರ ಹಜಾರದಲ್ಲಿ ಈ ಯುದ್ಧ. ಇಬ್ಬರೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುತ್ತಿದ್ದುದರಿಂದ, ಬೀದಿಯಲ್ಲಿ ಹೋಗುವವರಿಗೆ ಯಾರೋ ಒಬ್ಬ ಮನುಷ್ಯ ತನ್ನನ್ನು ತಾನೇ ಬೈದುಕೊಳ್ಳುತ್ತಿದ್ದಾನೆ ಅನಿಸುತ್ತಿತ್ತು. ಆ ಹೊತ್ತಿಗೆ ಮೇಷ್ಟ್ರ ಹೆಂಡತಿ ತನ್ನ ಅತ್ತಿಗೆ, ಅಂದರೆ ಬೀಗದ ಭಾವನ ಹೆಂಡತಿಯ ಜೊತೆ ಕಸೂತಿ ಕ್ಲಾಸಿಗೆ ಹೋಗಿಬಿಡುತ್ತಿದ್ದಳು.

ಕೊನೆಗೆ ವಾಚನಾಲಯದ ಅಧ್ಯಕ್ಷರು, ವೃತ್ತಿಯಲ್ಲಿ ಹಲ್ಲಿನ ಡಾಕ್ಟರು, ಈ ನೋವನ್ನು ಬುಡಸಮೇತ ಕೀಳುವ ಉಪಾಯ ಹೇಳಿದರು. ಊರ ಕೆರೆಯ ನಡುವೆ ಪೊದೆ ಬೆಳೆದ ಒಂದು ನಡುಗಡ್ಡೆ ಇತ್ತು. ಕೆರೆ ಪಾತಾಳದಷ್ಟು ಆಳ, ಹಾವು ಬೇರೆ ಇವೆ ಎಂಬ ಭಯಕ್ಕೆ ಅಲ್ಲಿಗೆ ಯಾರೂ ಹೋದದ್ದಿಲ್ಲ. ಭಾನುವಾರ ಬೆಳಿಗ್ಗೆ ಮೇಷ್ಟ್ರು ಚರ್ಮದ ಹರಿಗೋಲಿನಲ್ಲಿ, ಭಾವನವರು ಮರದ ದೋಣಿಯಲ್ಲಿ ಅಲ್ಲಿಗೆ ಹೋಗಬೇಕು. ಮೊದಲು ಕಾಲಿಟ್ಟವರ ವಾದ ಗೆದ್ದ ಹಾಗೆ. ಸೋತವರು ವೇದಿಕೆ ಹತ್ತಿ ತಪ್ಪೊಪ್ಪಿಕೊಳ್ಳಬೇಕು. (ಇದರಲ್ಲಿ ತರ್ಕ ಎಲ್ಲಿದೆ ಎಂದು ನನ್ನನ್ನು ಕೇಳಬೇಡಿ. ಸಭೆಯಲ್ಲಿ ಯಾರೂ ಕೇಳಲಿಲ್ಲ.)

ಅಂದು ರಾತ್ರಿ ಊಟಕ್ಕೆ ಕೂತಾಗ ಮೇಷ್ಟ್ರು ಸುದ್ದಿ ಹೇಳಿದರು. ಪವಾಡವೇ ನಡೆಯಿತು. ಹೆಂಡತಿ ಸೌಟು ಕೆಳಗಿಟ್ಟು, ಅವರ ಮುಖವನ್ನೇ ನೋಡಿದಳು.

"ಯಾವ ನಡುಗಡ್ಡೆ? ಕೆರೆ ಮಧ್ಯದ್ದಾ?"

"ಅದೇ."

"ಅಲ್ಲೇನಿದೆ ಅಂತ ಹೋಗ್ತೀರಿ? ಬರೀ ಮುಳ್ಳು. ಸುಮ್ನೆ ಈ ಕಡೆ ದಡದಲ್ಲೇ ಒಂದು ಸುತ್ತು ಹೊಡೆದು ಬನ್ನಿ, ಸಾಕು."

ಮೇಷ್ಟ್ರ ಎದೆ ಉಬ್ಬಿತು. ತಮಗೇನಾದರೂ ಆದೀತೆಂದು ಈಕೆಗೆ ಎಷ್ಟು ದಿಗಿಲು! ಗೆದ್ದೇ ತೀರಬೇಕು, ಇವಳ ಬಾಯಿಂದ ಭೇಷ್ ಅನ್ನಿಸಿಕೊಂಡೇ ತೀರಬೇಕು ಎಂದು ಅವರು ಅಲ್ಲೇ ನಿಶ್ಚಯಿಸಿದರು.

ಆದರೆ ಹುಟ್ಟು ಹಾಕುವುದರಲ್ಲಿ ಭಾವನವರ ತೋಳು ಗಟ್ಟಿ, ಅದು ಮೇಷ್ಟ್ರಿಗೆ ಗೊತ್ತು. ಎರಡು ದಿನ ಯೋಚಿಸಿದ ಮೇಲೆ ತಲೆಯಲ್ಲಿ ಮಿಂಚು ಹೊಳೆಯಿತು. ಮೊದಲು ತಲುಪಿದವನಿಗಿಂತಲೂ ಮೊದಲು ಒಬ್ಬ ತಲುಪಿದ್ದ ಎಂದು ತೋರಿಸುವುದೇ ತಾನೇ ಅವರ ಇಡೀ ಶಾಸ್ತ್ರ? ಶನಿವಾರವೇ ಗುಟ್ಟಾಗಿ ಹೋಗಿ ಒಂದು ಕುರುಹು ಹೂತು ಬಂದರಾಯಿತು. ಭಾನುವಾರ ಯಾರೇ ಮೊದಲು ಇಳಿಯಲಿ, ಅಗೆದು ತೆಗೆದರೆ ಮೇಷ್ಟ್ರು ಹಿಂದಿನ ದಿನವೇ ಬಂದುಹೋಗಿದ್ದು ಸಾಬೀತು. ಹಳೆಯ ಶಾಲಾ ಗಂಟೆಯೊಂದನ್ನು ಹುಡುಕಿ, ಹೆಸರು ಕೆತ್ತಿ, ಅದು ಶತಮಾನ ಕಂಡದ್ದೆಂಬಂತೆ ಕಾಣಲಿ ಎಂದು ಉಪ್ಪುನೀರಿನಲ್ಲಿ ನೆನೆಹಾಕಿದರು. ಶತಮಾನ ಯಾಕೆ ಬೇಕಿತ್ತೋ ಅವರಿಗೇ ಗೊತ್ತಿಲ್ಲ, ಅಭ್ಯಾಸಬಲ. ಡಬ್ಬಿಯ ಉಪ್ಪು ತಳ ಕಂಡದ್ದಕ್ಕೆ ಹೆಂಡತಿ ಗೊಣಗಿದಳು.

ಶನಿವಾರ ಬೆಳಿಗ್ಗೆ, ಹಲ್ಲುನೋವು, ಇವತ್ತು ವಾದ ಬೇಡ ಎಂದು ಮೇಷ್ಟ್ರು ಹೇಳಿ ಕಳುಹಿಸಬೇಕು ಅನ್ನುವಷ್ಟರಲ್ಲಿ, ಅಂಗಡಿಯಲ್ಲಿ ವಿಪರೀತ ಕೆಲಸ, ಬರಲಾಗುವುದಿಲ್ಲ ಎಂದು ಭಾವನವರೇ ಹೇಳಿ ಕಳುಹಿಸಿದರು. ಅದೃಷ್ಟವೆಂದರೆ ಇದು ಎಂದು ಮೇಷ್ಟ್ರು ಕೈ ಉಜ್ಜಿಕೊಂಡರು. ಮಧ್ಯಾಹ್ನ ಹೆಂಡತಿ ಎಂದಿನಂತೆ ಚೀಲ ಹಿಡಿದು ಕಸೂತಿಗೆ ಹೋದಳು.

ಹರಿಗೋಲು ಅಂದರೆ ಚರ್ಮ ಹೊದಿಸಿದ ದುಂಡನೆಯ ಬುಟ್ಟಿ. ಅದಕ್ಕೆ ಹಿಂದು ಮುಂದು ಇಲ್ಲ. ಮೇಷ್ಟ್ರು ಎಡಕ್ಕೆ ಹುಟ್ಟು ಹಾಕಿದರೆ ಅದು ಬುಗುರಿಯಾಯಿತು, ಬಲಕ್ಕೆ ಹಾಕಿದರೆ ಮತ್ತೊಂದು ಬಗೆಯ ಬುಗುರಿಯಾಯಿತು. ಊರು, ಪಂಪ್‌ಹೌಸು, ನಡುಗಡ್ಡೆ, ಮತ್ತೆ ಊರು, ಹೀಗೆ ಜಗತ್ತೆಲ್ಲ ಅವರ ಸುತ್ತ ತಿರುಗಿತು. ಒಂದು ತಲೆಮಾರಿಗೆ ಪೂರ್ವ ಪಶ್ಚಿಮ ಕಲಿಸಿದವರಿಗೆ ಎರಡೂ ಕಲಸಿಹೋದವು. ಆದರೂ ಹಲ್ಲುಕಚ್ಚಿ ನಡುಗಡ್ಡೆಯ ಹಿಂಭಾಗಕ್ಕೆ ಬಂದು ಮುಟ್ಟಿದರು. ಆ ಸನ್ಯಾಸಿಗಳು ಇದನ್ನು ಸಾಗರದಲ್ಲಿ ಮಾಡಿದರಲ್ಲ ಎಂದು ಅವರ ಭಕ್ತಿ ಇಮ್ಮಡಿಯಾಯಿತು. ಕಾಲು ಕೆಳಗಿಡುವಷ್ಟರಲ್ಲಿ ಪಕ್ಕದ ಜೊಂಡಿನೊಳಗಿಂದ ಒಂದು ದೋಣಿ ನುಗ್ಗಿ ಬಂತು. ಅದರೊಳಗೆ ಡಬ್ಬದಿಂದ ನೀರು ಮೊಗೆದು ಚೆಲ್ಲುತ್ತ ಬೀಗದ ಭಾವ. ಕಂಕುಳಲ್ಲಿ ಗೋಣಿಬಟ್ಟೆಯ ಗಂಟು.

"ಏನು ಭಾವ, ಇಲ್ಲಿ?"

"ಅಭ್ಯಾಸಕ್ಕೆ ಬಂದೆ, ಭಾವ. ನೀವು?"

"ನಾನೂ ಅಭ್ಯಾಸಕ್ಕೇ."

ಗೋಣಿಬಟ್ಟೆ ಜಾರಿ ತುಕ್ಕು ಹಿಡಿದ ದೊಡ್ಡ ಬೀಗವೊಂದು ಕೆಸರಿಗೆ ಬಿತ್ತು. ಅದರ ಮೇಲೆ ಭಾವನವರ ಹೆಸರು ಕೆತ್ತಿತ್ತು. ಭಾವನವರ ಕಣ್ಣು ಮೇಷ್ಟ್ರ ಕೈಯ ಗಂಟೆಯ ಮೇಲೆ ಬಿತ್ತು. ಇನ್ನೇನು ಉಳಿಯಿತು? ಕಳ್ಳ ನೀವು, ಸುಳ್ಳ ನೀವು, ಮಣ್ಣು ಮುಟ್ಟಿದ್ದು ಮೊದಲು ನನ್ನ ಕಾಲು, ನಿಮ್ಮ ಕಾಲು ಇನ್ನೂ ನೀರಲ್ಲೇ ಇತ್ತು ಎಂದು ಇಬ್ಬರೂ ಗಂಟಲು ಹರಿದುಕೊಂಡರು.

ಆಗ ಪೊದೆಯಾಚೆಯಿಂದ ಒಂದು ದನಿ ಬಂತು. "ಸ್ವಲ್ಪ ಮೆಲ್ಲಗೆ ಮಾತಾಡಿ. ಅವಳಿಗೆ ಈಗ ತಾನೇ ನಿದ್ದೆ ಹತ್ತಿದೆ."

ಇಬ್ಬರೂ ಪೊದೆ ಸರಿಸಿ ನೋಡಿದರು. ಗುಡಿಸಿ ಚೊಕ್ಕಟ ಮಾಡಿದ ಅಂಗಳದಂಥ ಜಾಗ. ಮರದ ನೆರಳಲ್ಲಿ ಚಾಪೆ, ಚಹಾದ ಫ್ಲಾಸ್ಕು, ಎರಡು ಕೊಂಬೆಗಳ ನಡುವೆ ಕಟ್ಟಿದ ಹಗ್ಗದ ಮೇಲೆ ಒಣಗುತ್ತಿದ್ದ ಟವೆಲು. ಅತ್ತಿಗೆ ಮರಕ್ಕೆ ಒರಗಿ ವಾರಪತ್ರಿಕೆ ಓದುತ್ತಿದ್ದರು. ಪಕ್ಕದಲ್ಲಿ ಮೇಷ್ಟ್ರ ಹೆಂಡತಿ ಕಾಲು ಚಾಚಿ, ಕೈ ಎಲ್ಲೋ ಚೆಲ್ಲಿ, ಸಣ್ಣಗೆ ಗೊರಕೆ ಹೊಡೆಯುತ್ತ ಮಲಗಿದ್ದಳು. ಆಕೆ ಹಗಲು ಹೊತ್ತಿನಲ್ಲಿ ಮಲಗಿದ್ದನ್ನು ಮೇಷ್ಟ್ರು ಈವರೆಗೆ ಕಂಡೇ ಇರಲಿಲ್ಲ. ಮುಖ ಎಷ್ಟು ಹಗುರಾಗಿ, ಎಷ್ಟು ಚಿಕ್ಕ ವಯಸ್ಸಿನದಾಗಿ ಕಾಣುತ್ತಿತ್ತೆಂದರೆ, ಅವರಿಗೆ ಬಯ್ಯಬೇಕೆಂಬುದೇ ಮರೆತುಹೋಯಿತು.

ಗದ್ದಲಕ್ಕೆ ಆಕೆ ಕಣ್ಣು ಬಿಟ್ಟಳು. ಗಂಡನನ್ನೂ ಅಣ್ಣನನ್ನೂ ನೋಡಿದಳು. ಗಾಬರಿಯಾಗಲಿಲ್ಲ.

"ಚಪ್ಪಲಿ ಅಲ್ಲೇ ಬಿಟ್ಟು ಬನ್ನಿ. ಚಾಪೆ ಕೆಸರಾಗುತ್ತೆ."

ಇಬ್ಬರು ಮಹಾನಾವಿಕರೂ ಚಪ್ಪಲಿ ಬಿಟ್ಟು ಚಾಪೆಯ ತುದಿಯಲ್ಲಿ ಕೂತರು. ಆಮೇಲೆ ಒಂದೊಂದಾಗಿ ಹೊರಗೆ ಬಂತು. ಪಂಪ್‌ಹೌಸಿನ ಹಿಂದೆ ಹಳೆಯ ಕಲ್ಲುಗೋಡೆಯೊಂದು ನೀರಿನಡಿ ಇದೆ. ಅದರ ಮೇಲೆ ನಡೆದು ಬಂದರೆ ಮೊಣಕಾಲೂ ನೆನೆಯುವುದಿಲ್ಲ. ಹಜಾರದಲ್ಲಿ ಖಂಡಗಳ ಗಲಾಟೆ ಶುರುವಾದ ವರ್ಷದಿಂದಲೇ ಇವರು ಇಲ್ಲಿಗೆ ಬರುತ್ತಿದ್ದಾರೆ. ಇವತ್ತು ಬಂದದ್ದು ಚಾಪೆ ಗೀಪೆ ಎಲ್ಲ ಕಟ್ಟಿಕೊಂಡು ಹೋಗುವುದಕ್ಕೆ, ನಾಳೆ ಊರೇ ಬರುತ್ತದಲ್ಲ ಎಂದು.

"ಹಾಗಾದ್ರೆ ಕಸೂತಿ?" ಎಂದರು ಮೇಷ್ಟ್ರು.

"ಒಂದು ದಿನನಾದ್ರೂ ತೋರಿಸು ಅಂತ ಕೇಳಿದ್ದೀರಾ?"

ಮೇಷ್ಟ್ರು ಕೇಳಿರಲಿಲ್ಲ. ಆದರೆ ಶಾಸ್ತ್ರ ರಕ್ತದಲ್ಲಿ ಬೆರೆತಿತ್ತು. ನಿಮ್ಮಿಬ್ಬರಲ್ಲಿ ಮೊದಲು ಇಲ್ಲಿಗೆ ಬಂದವರು ಯಾರು ಎಂದು ತಡೆಯಲಾರದೆ ಕೇಳಿಬಿಟ್ಟರು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ನೆನಪಿಲ್ಲ ಎಂದರು ಅತ್ತಿಗೆ. ತಾವು ಬಂದಾಗ ಇಲ್ಲೊಂದು ಹೆಣ್ಣುಮಕ್ಕಳ ಚಪ್ಪಲಿ, ಕಿವಿ ಮುರಿದ ಒಂದು ಚಹಾದ ಕಪ್ಪು ಬಿದ್ದಿದ್ದವಂತೆ. ಅಂದರೆ ಅದಕ್ಕೂ ಮೊದಲು ಯಾರೋ ಪುಣ್ಯಾತ್ಗಿತ್ತಿ ಬಂದು ಕೂತಿದ್ದಳು. ಇವರು ಅವಳು ಯಾರೆಂದು ಹುಡುಕಲು ಹೋಗಲಿಲ್ಲ. ಕಪ್ಪು ತೊಳೆದು ಬಳಸಿಕೊಂಡರು.

ಮೇಷ್ಟ್ರು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಎಂಥಾ ಯಾತ್ರೆ, ಎಂಥಾ ಮೌನ! ಇಷ್ಟು ವರ್ಷ ಪರದೇಶದ ಧೀರರನ್ನು ಹಾಡಿ ಹೊಗಳಿದ ತಮಗೆ, ತಮ್ಮ ಅಡುಗೆಮನೆಯಿಂದಲೇ ವಾರವಾರ ಹೊರಡುತ್ತಿದ್ದ ನೌಕೆ ಕಾಣಲಿಲ್ಲವಲ್ಲ ಎಂದು ನಾಚಿಕೆಯೂ ಆಯಿತು, ಹೆಮ್ಮೆಯೂ ಆಯಿತು. ಅಷ್ಟರಲ್ಲಿ ಭಾವನವರು ದಿಗ್ಗನೆ ಎದ್ದರು. ಜಾಗ ಸಿಕ್ಕವರು ಬಾಯಿ ಬಿಡುವುದಿಲ್ಲ ಎಂಬ ತಮ್ಮ ವಾದ ಕಣ್ಣೆದುರೇ ಗೆದ್ದಿದೆ, ನಾಳೆಯೇ ವೇದಿಕೆಯಲ್ಲಿ ಹೇಳುತ್ತೇನೆ ಎಂದು ಕುಣಿದಾಡಿದರು.

"ಅಣ್ಣಾ, ಕೂತ್ಕೋ," ಎಂದಳು ತಂಗಿ. ಅಣ್ಣ ಕೂತರು. ಆಕೆ ಗಂಡನ ಕಡೆ ತಿರುಗಿದಳು. "ರೀ, ಮನೇಲಿ ಹಜಾರ ನಿಮ್ಮದು, ಮಾತೆಲ್ಲ ನಿಮ್ಮದು. ಇದೊಂದು ಅಂಗೈಯಗಲ ಜಾಗ ನಮಗಿರಲಿ. ನಾಳೆ ನೀವಿಬ್ರೂ ಇಲ್ಲಿಗೆ ಬರಬಾರದು. ಯಾರೂ ಬರೋ ಹಾಗೂ ಮಾಡಬಾರದು."

ಭಾನುವಾರ ಕೆರೆಯ ದಡದಲ್ಲಿ ಊರಿಗೆ ಊರೇ ನೆರೆದಿತ್ತು. ಅಧ್ಯಕ್ಷರು ಸೀಟಿ ಊದಿದರು. ಬೀಗದ ಭಾವ ದಡ ಬಿಟ್ಟ ಕೂಡಲೇ ದೋಣಿಯ ತೂತಿಗೆ ತುರುಕಿದ್ದ ಬಟ್ಟೆಯನ್ನು ಮೆಲ್ಲಗೆ ಕಿತ್ತರು. ದೋಣಿ ನೀರು ತುಂಬಿ ಮುಳುಗಿತು. ಅಧ್ಯಕ್ಷರೇ ಕೊಡೆಯ ಹಿಡಿಕೆ ಚಾಚಿ ಅವರನ್ನು ಎಳೆದುಕೊಂಡರು. ಕೆರೆಯಲ್ಲಿ ಮೇಷ್ಟ್ರು ಒಬ್ಬರೇ ಉಳಿದರು. ಹಾಳಾದ ಹರಿಗೋಲು ಅವತ್ತೇ ನೆಟ್ಟಗೆ ಹೋಗಬೇಕೇ? ನಡುಗಡ್ಡೆ ಕೈಗೆಟಕುವಷ್ಟು ಹತ್ತಿರ ಬಂತು. ಜನ ಕೂಗಿ ಹುರಿದುಂಬಿಸಿದರು. ಬದುಕಿಡೀ ಕಾದ ಕೀರ್ತಿ ಒಂದೇ ಹೆಜ್ಜೆಯಾಚೆ ಇತ್ತು. ಮೇಷ್ಟ್ರು ದಡದ ಕಡೆ ನೋಡಿದರು. ಗುಂಪಿನ ಅಂಚಿನಲ್ಲಿ ಹೆಂಡತಿ ನಿಂತಿದ್ದಳು. ನಿಟ್ಟುಸಿರು ಬಿಟ್ಟು, ಹುಟ್ಟನ್ನು ತಿರುವಿ ಹಾಕಿ, ಬುಗುರಿಯಾಗಿ ಹಿಂದಕ್ಕೆ ಬಂದರು.

ಸಂಜೆ ವಾಚನಾಲಯದಲ್ಲಿ ಅವರು ವೇದಿಕೆ ಹತ್ತಿ ವರದಿ ಒಪ್ಪಿಸಿದರು. ಅಲ್ಲಿ ಸುಳಿ ಇದೆ, ನುಂಗುವ ಕೆಸರಿದೆ, ತೋಳಿನಷ್ಟು ದಪ್ಪದ ಹಾವುಗಳಿವೆ. ಆ ನೆಲಕ್ಕೆ ಮನುಷ್ಯಮಾತ್ರರು ಹಿಂದೆ ಹೋಗಿಲ್ಲ, ಮುಂದೆ ಹೋಗಲಾರರು. ಹಾವಿನ ವರ್ಣನೆಗೆ ಬೀಗದ ಭಾವ ಪಕ್ಕದಿಂದ ತಲೆಯಾಡಿಸಿದರು. ಸಭೆ ಮುಸಿಮುಸಿ ನಕ್ಕಿತು. ಕೆರೆ ದಾಟಲಾಗದವರು ಸಾಗರದ ಮಾತಾಡುವುದು ಸಾಕು, ಬರುವ ತಿಂಗಳಿಂದ ತಾವೇ ದಂತರಕ್ಷಣೆಯ ಬಗ್ಗೆ ಉಪನ್ಯಾಸ ಮಾಡುವುದಾಗಿ ಅಧ್ಯಕ್ಷರು ಘೋಷಿಸಿದರು. ಮೇಷ್ಟ್ರು ತಲೆ ತಗ್ಗಿಸಿ ಇಳಿಯುವಾಗ ಕೊನೆಯ ಸಾಲಿನಿಂದ ಚಪ್ಪಾಳೆ ಕೇಳಿಸಿತು. ಒಬ್ಬರದೇ ಚಪ್ಪಾಳೆ. ಹೆಂಡತಿ ಎದ್ದು ನಿಂತು ತಟ್ಟುತ್ತಿದ್ದಳು.

ಮನೆಯ ದಾರಿಯಲ್ಲಿ ಆಕೆ ಅವರ ಕೈ ಹಿಡಿದುಕೊಂಡಳು. "ಭೇಷ್ ಕಣ್ರೀ," ಎಂದಳು. "ಇಷ್ಟು ಚೆನ್ನಾಗಿ ಮಾತಾಡ್ತೀರಿ ಅಂತ ನಂಗೆ ಗೊತ್ತೇ ಇರಲಿಲ್ಲ."

ಮೇಷ್ಟ್ರು ಕರಗಿ ನೀರಾದರು. ಸೋಲು, ನಗೆಪಾಟಲು, ಹಲ್ಲಿನ ಡಾಕ್ಟರು ಎಲ್ಲ ಮರೆತುಹೋದವು. ಇದೇ ಸಮಯವೆಂದು, ದನಿಯನ್ನು ಆದಷ್ಟು ಮೆತ್ತಗೆ ಮಾಡಿಕೊಂಡು, ಬರುವ ಶನಿವಾರ ತಾನೂ ಜೊತೆಗೆ ಬರಬಹುದೇ, ಮಾತಾಡದೆ ಚಾಪೆಯ ತುದಿಯಲ್ಲಿ ಕೂತಿರುತ್ತೇನೆ ಎಂದು ಕೇಳಿದರು.

"ಅಯ್ಯೋ, ಎಲ್ಲಿಗೆ ರೀ?" ಎಂದಳು ಹೆಂಡತಿ. "ಅಲ್ಲಿಗೆ ಮನುಷ್ಯರು ಯಾರೂ ಹೋಗೋಕಾಗಲ್ಲ ಅಂತ ಈಗ ತಾನೇ ನೀವೇ ಹೇಳಿದ್ರಲ್ಲ."