ಡಾಕ್ಟರು ಓದಿದ ರೋಗ

ಡಾಕ್ಟರ್ ಜಯಚಂದ್ರನಿಗೆ ಗಟ್ಟಿಯಾಗಿ ಓದದಿದ್ದರೆ ಒಂದಕ್ಷರವೂ ತಲೆಗೆ ಹತ್ತುತ್ತಿರಲಿಲ್ಲ. ಎಲ್ಲ ತಾಪತ್ರಯಕ್ಕೂ ಅದೇ ಮೂಲ. ಮರುದಿನ ಹಿಂದೂಪುರದಲ್ಲಿ ಜನರಲ್ ಪ್ರಾಕ್ಟೀಸ್ ಪರೀಕ್ಷೆ. ಹಿಂದೆ ಎರಡು ಸಲ ಡುಮ್ಕಿ ಹೊಡೆದಿದ್ದ. ಈ ಸಲವೂ ಹೋದರೆ ಅಲ್ಲಿನ ಆಸ್ಪತ್ರೆಯ ಕೆಲಸ ಕೈಬಿಟ್ಟಂತೆಯೇ. ಪುಸ್ತಕವೋ ದಿಂಬಿನಷ್ಟು ದಪ್ಪ. ನೆಗಡಿಯಿಂದ ಹೆರಿಗೆಯವರೆಗೆ ಎಲ್ಲ ತುಂಬಿದ್ದ ಅದರಲ್ಲಿ ಒಂದೇ ದಿನಕ್ಕೆ ಏನಂತ ಓದುವುದು?

ಕಲ್ಯಾಣದುರ್ಗದ ಬಾಡಿಗೆ ಮನೆಯ ಜಗುಲಿಯಲ್ಲಿ ಕೂತು, ಕಣ್ಣು ಮುಚ್ಚಿ ಒಂದು ಪುಟ ತೆಗೆದ. ಚೇಳಿನ ವಿಷ. ಓದುತ್ತ ಹಾಳೆ ಮಗುಚುವುದರೊಳಗೆ ಎದುರುಮನೆಯ ಮುತ್ಯಾಲಪ್ಪ ಕಾಲು ಹಿಡಿದು ಚೀರುತ್ತ ಬಂದ. ಹಿಮ್ಮಡಿಗೆ ಚೇಳು ಕುಟುಕಿತ್ತು.

ಅವನಿಗೆ ಸೂಜಿ ಚುಚ್ಚಿ, ಈ ಸಲ ಮಂಗನಬಾವು ತೆಗೆದ. ಎರಡು ಪ್ಯಾರಾ ಮುಗಿದಿರಲಿಲ್ಲ, ಪಕ್ಕದ ಮನೆಯ ಗಂಗುಲಮ್ಮ ಕೆನ್ನೆ ಊದಿಸಿಕೊಂಡು ಬಂದು ನಿಂತಳು. ಅವಳ ನೋಟವೆಲ್ಲ ಪುಸ್ತಕದ ಮೇಲೆ.

"ಬೆಳಿಗ್ಗೆ ಚೆನ್ನಾಗೇ ಇದ್ನಲ್ಲಪ್ಪಾ. ನೀನು ಓದೋದು ಗ್ವಾಡೆ ಆಚೆಯಿಂದ ಕೇಳುಸ್ತು, ಕೆನ್ನೆ ಬಿಗುದ್ಬುಡ್ತು."

ಮಟಮಟ ಮಧ್ಯಾಹ್ನ, ಬೀದಿಯಲ್ಲಿ ಒಂದು ನಾಯಿಯೂ ಬೊಗಳುತ್ತಿಲ್ಲ. ಗಾಳಿಯ ಸುಳಿವೇ ಇಲ್ಲದೆ ಪುಸ್ತಕದ ಹಾಳೆಗಳು ತಾವಾಗಿ ಮಗುಚಿಕೊಂಡು ವಾಂತಿಭೇದಿಯ ಪುಟಕ್ಕೆ ಬಂದು ನಿಂತವು. ಜಯಚಂದ್ರನಿಗೆ ನಿಜಕ್ಕೂ ಭಯವಾಯಿತು.

"ಚದವೊದ್ದು ಸ್ವಾಮೀ!" ಮುತ್ಯಾಲಪ್ಪ ಕುಂಟುತ್ತ ಬಂದು ಪುಸ್ತಕ ಮುಚ್ಚಿ ಅದರ ಮೇಲೇ ಕೂತ. "ಓದ್ಬ್ಯಾಡಿ, ಊರಿಗೂರೇ ಮಲಗ್ಬುಡ್ತದೆ!"

"ಓದ್ದೇ ಇದ್ರೆ ನಾನು ಫೇಲಾಗ್ತೀನಿ ಕಣಪ್ಪ!"

ಮನೆಯೊಡತಿ ಉಡುಸಲಮ್ಮ ನ್ಯಾಯ ಹೇಳಿದಳು. "ಪಾಪ, ಓದ್ಕೊಳ್ಲಿ ಬುಡ್ಲಾ. ನಮ್ ಸೀಮೆಗೆ ಬರ್ದೇ ಇರೋ ಕಾಯ್ಲೆ ಯಾವ್ದಾನ ಐತಾ ನೋಡಪ್ಪ ಅದ್ರಾಗೆ."

ಹುಡುಕಿದ್ದಕ್ಕೆ ಒಂದು ಸಿಕ್ಕಿತು: ಹಿಮದಲ್ಲಿ ಕಾಲ್ಬೆರಳು ಮರಗಟ್ಟುವ ರೋಗ. ಬಂಡೆಯೂ ಬೆವರುವ ಆ ಬೇಸಿಗೆಯಲ್ಲಿ ಮೂವರೂ ಅವನ ಮುಖವನ್ನು ತಮ್ಮ ಕಡೆಯಿಂದ ಹಿಂದೂಪುರದ ರಸ್ತೆಯತ್ತ ತಿರುಗಿಸಿ, ಸಂಜೆಯವರೆಗೆ ಕಾವಲು ಕೂತು ಅದನ್ನೇ ಓದಿಸಿದರು. ಆಗಾಗ ಗುಟ್ಟಾಗಿ ತಂತಮ್ಮ ಕಾಲ್ಬೆರಳು ಮುಟ್ಟಿ ನೋಡಿಕೊಂಡರು. ಯಾರಿಗೂ ಏನೂ ಆಗಲಿಲ್ಲ.

ಬೆಳಗಿನ ಬಸ್ಸು ಹಿಡಿದು ಹಿಂದೂಪುರಕ್ಕೆ ಹೋದರೆ ಪರೀಕ್ಷೆಯ ಕೋಣೆಗೆ ಬೀಗ.

"ಮುಂದಿನ ತಿಂಗಳಿಗೆ ಹೋಯ್ತು ಸಾರ್," ಎಂದ ಗುಮಾಸ್ತ. "ಪರೀಕ್ಷೆ ಮಾಡೋ ದೊಡ್ಡ ಡಾಕ್ಟ್ರು ನಿನ್ನೇನೇ ಬಂದಿದ್ರು. ಮದ್ಯಾನ ಬಿಸ್ಲು ತಡೀಲಾರ್ದೆ ಅವ್ರ ಬಾಮೈದನ ಐಸ್ ಫ್ಯಾಕ್ಟ್ರಿ ಒಳಕ್ಕೋದ್ರು. ಬಾಗ್ಲು ಬಿಗುದ್ಕೊಂಡ್ಬುಡ್ತು. ಸಂಜೆಗೆ ತೆಗುದ್ರೆ ಕಾಲ್ಬೆರಳೆಲ್ಲ ಮರಗಟ್ಟೋಗಿದ್ವು."

ಜಯಚಂದ್ರ ಬಸ್ ಸ್ಟ್ಯಾಂಡಿನ ಕಾಯಿನ್ ಬಾಕ್ಸಿನಿಂದ ಉಡುಸಲಮ್ಮನಿಗೆ ಫೋನ್ ಮಾಡಿ, ನಡೆದದ್ದನ್ನು ಹೇಳಿಕೊಂಡು ಅತ್ತೇಬಿಟ್ಟ.

ಸಂಜೆ ಮನೆಗೆ ಬಂದರೆ ಜಗುಲಿಯ ತುಂಬ ಜನ. ಎಂದೂ ಇಷ್ಟು ರೋಗಿಗಳು ಬಂದದ್ದಿಲ್ಲವೆಂದು ಸ್ವಲ್ಪ ಸಮಾಧಾನವಾಯಿತು. ನೋಡಿದರೆ ಎಲ್ಲರೂ ಗುಂಡುಕಲ್ಲಿನಂತೆ ಗಟ್ಟಿಯಾಗಿದ್ದಾರೆ. ಮುತ್ಯಾಲಪ್ಪ ಚೇಳಿನ ಪುಟಕ್ಕೆ ಬೆರಳಿಟ್ಟುಕೊಂಡು, ತನ್ನ ಹೊಲದ ಬದು ಒತ್ತಿದ ನಾರಪ್ಪನ ಹೊಲ ಇರುವ ದಿಕ್ಕು ತೋರಿಸುತ್ತಿದ್ದಾನೆ.

ಉಡುಸಲಮ್ಮ ಎಲ್ಲರನ್ನೂ ಹಿಂದಕ್ಕೆ ತಳ್ಳಿ ಜಯಚಂದ್ರನ ಕಿವಿಯ ಹತ್ತಿರ ಬಂದಳು.

"ಶುಕ್ರವಾರ ನಮ್ ಬೀಗಿತಿ ಬತ್ತೌಳೆ ಕಣಪ್ಪ, ಒಂದು ತಿಂಗಳು ಇರಾಕೆ. ದೊಡ್ಡದೇನೂ ಬ್ಯಾಡ. ಅವ್ಳೂರು ರೊದ್ದಂ ಕಡೀಕೆ ಮಕ ಮಾಡಿ, ಆ ಭೇದಿ ಪಾಠ ಒಂದ್ಸಲ ಓದ್ಬುಡು."