ಅಮಾಸಿಗೊಮ್ಮೆ ಕೆಮ್ಮುವ ಕಾರು

ಜಡ್ಡಾದ ಕೂಸು ಡಾಕ್ಟರ ಮುಂದೆ ನಗುವಂತೆ, ಕೆಟ್ಟ ಗಾಡಿ ಗ್ಯಾರೇಜಿಗೆ ಬಂದ ಕೂಡಲೇ ಸರಳ ಓಡುತ್ತದೆ. ಚಿಕ್ಕೋಡಿಯಲ್ಲಿ ನಾನು ಗ್ಯಾರೇಜು ನಡೆಸಿದ ಅಷ್ಟೂ ವರ್ಷ ಇದೇ ಹಣೆಬರಹ. ಅದರಲ್ಲೂ ಎಂಬತ್ತರ ದಶಕದಲ್ಲಿ ಐನಾಪುರದ ಗೌಡರೊಬ್ಬರ ಹಳೇ ಕಾರು ನನ್ನ ತಲೆ ತಿಂದಷ್ಟು ಬೇರಾವುದೂ ತಿಂದಿಲ್ಲ.

೧. ಅಂಜಿಕೆ

ಗೌಡರದು ದ್ರಾಕ್ಷಿ ತೋಟ. ಮಾತು ಕಡಿಮೆ, ಮೀಸೆ ಜಾಸ್ತಿ.

"ಎಂಜಿನ್ ಮಿಸ್ ಹೊಡಿತೈತ್ರಿ ಮಿಸ್ತ್ರಿ. ಊರಾಗ ಕೆಮ್ಮಿ ಕೆಮ್ಮಿ ಜಗ್ಗಾಡತೈತಿ," ಎಂದರು.

ಬಸ್ ಸ್ಟ್ಯಾಂಡಿನ ತನಕ ಓಡಿಸಿದೆ, ಏರು ಹತ್ತಿಸಿದೆ. ಒಂದು ಸಲವೂ ಕೆಮ್ಮಲಿಲ್ಲ.

"ನಿಮಗ ಅಂಜತೈತಿ ನೋಡ್ರಿ ಇದು."

"ಅಂಜಿದ್ರ ನಾ ಏನ್ ಮಾಡ್ಲ್ರಿ ಗೌಡ್ರ?"

"ನಿಮ್ಮದೊಂದು ಫೋಟೋ ಕೊಡ್ರಿ. ಗಾಡ್ಯಾಗ ಹಚ್ಚತೀನಿ."

೨. ಕೊಲ್ಲಾಪುರದ ಬೆದರಿಕೆ

ಮುಂದಿನ ತಿಂಗಳು ಮತ್ತೆ ಬಂದರು. ಸುಮ್ಮನೆ ಕಳಿಸಲು ಮನಸ್ಸಾಗದೆ ಪ್ಲಗ್ಗು ಬದಲಿಸಿದೆ. ಅದರ ಮುಂದಿನ ತಿಂಗಳು ಪಾಯಿಂಟು, ಆಮೇಲೆ ವೈರು. ಕಾರ್ಬೊರೇಟರ್ ಬಿಚ್ಚಿ ತೊಳೆದದ್ದೂ ಆಯಿತು. ಆ ಗಾಡಿಯಲ್ಲಿ ಹಳೆಯದೆಂದು ಉಳಿದದ್ದು ಗೌಡರೊಬ್ಬರೇ.

ಕೊನೆಗೆ ಅವರು, "ಇನ್ನೊಮ್ಮಿ ಮಿಸ್ ಹೊಡೀತಂದ್ರ ಕೊಲ್ಲಾಪುರಕ್ಕ ಒಯ್ತೀನ್ರಿ," ಎಂದುಬಿಟ್ಟರು. ಚಿಕ್ಕೋಡಿ ಮಿಸ್ತ್ರಿಗೆ ಬಾರದ್ದು ಕೊಲ್ಲಾಪುರದವನಿಗೆ ಬಂತು ಎಂದು ಸಂತೆಯಲ್ಲಿ ಸುದ್ದಿಯಾದರೆ ಗ್ಯಾರೇಜಿಗೆ ಕೀಲಿ ಜಡಿಯುವುದೇ ಲೇಸು.

ಹಿಂದಿನ ಸೀಟಿನಲ್ಲಿ ಕೂತಿದ್ದ ಗೌಡರ ತಾಯಿ ಆಗ ಬಾಯಿ ಬಿಟ್ಟರು. "ತಮ್ಮಾ, ಇದಕ್ಕ ಅಮಾಸಿಗೊಮ್ಮಿ ಬರತೈತಿ. ಹುಣ್ಣಿವಿಗೆ ಏನೂ ಇಲ್ಲ. ಪ್ಲಗ್ ಬಿಡು, ತಾಯತ ಕಟ್ಟು."

೩. ರೋಗದ ಮೂಲ

ನಕ್ಕೆ. ಮನೆಗೆ ಹೋಗಿ ನೆನಪು ಮಾಡಿಕೊಂಡರೆ, ಗೌಡರು ಬಂದದ್ದೆಲ್ಲ ಅಮಾವಾಸ್ಯೆಯ ದಿನವೇ. ನಗು ನಿಂತಿತು. ಮುಂದಿನ ಅಮಾವಾಸ್ಯೆಗೆ ಬೆಳಿಗ್ಗೆಯೇ ಐನಾಪುರಕ್ಕೆ ಹೋದೆ.

ಅಂಗಳದಲ್ಲಿ ಕಾರಿನ ಪೂಜೆ ನಡೆದಿತ್ತು. ಅಮಾವಾಸ್ಯೆಗೆ ಗಾಡಿಗೆ ಕಾಯಿ ಒಡೆಯುವುದು ನಮ್ಮ ಕಡೆ ಎಲ್ಲರೂ ಮಾಡುವುದೇ, ಆದರೆ ಗಾಲಿಯ ಮುಂದೆ. ಗೌಡರು ಬಾನೆಟ್ ಎತ್ತಿ, ಒಂದಾದ ಮೇಲೊಂದು ಕಾಯಿ ಒಡೆದು, ನೀರನ್ನೆಲ್ಲ ಭಕ್ತಿಯಿಂದ ಎಂಜಿನ್ ಮೇಲೆ ಸುರಿದರು. ಅದು ನೆಟ್ಟಗೆ ಪ್ಲಗ್ಗುಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳದ ಮೇಲೆ ಇಳಿಯಿತು. ಕೆಮ್ಮದೆ ಮತ್ತೇನು ಮಾಡೀತು? ಚಿಕ್ಕೋಡಿ ಮುಟ್ಟುವಷ್ಟರಲ್ಲಿ ಎಂಜಿನ್ನಿನ ಕಾವಿಗೆ ಎಲ್ಲ ಒಣಗಿರುತ್ತಿತ್ತು.

"ಗೌಡ್ರ, ಇಷ್ಟ್ ಕಾಯಿ ಯಾಕ್ರಿ?"

"ಮದಲ ಒಂದ ಕಾಯಿ ಒಡೀತಿದ್ದೆ. ರೋಗ ಜಾಸ್ತಿ ಆತು, ಐದ ಮಾಡೇನ್ರಿ."

೪. ಹೆಸರು ಗಡಿ ದಾಟಿದ್ದು

"ಇನ್ನ ಮ್ಯಾಲ ಗಾಲಿ ಮುಂದ ಒಡೀರಿ," ಎಂದೆ. ಒಡೆದರು. ಕಾರು ನೆಟ್ಟಗಾಯಿತು, ಕೊಲ್ಲಾಪುರದ ಮಾತೂ ನಿಂತಿತು. ಗೌಡರು ಅಥಣಿ, ರಾಯಬಾಗ, ನಿಪ್ಪಾಣಿ, ಹೋದಲ್ಲೆಲ್ಲ ನನ್ನ ಗುಣಗಾನ ಮಾಡಿದರು. ಏನೆಂದು ಹೊಗಳಿದರೋ ನಾನು ವಿಚಾರಿಸಲಿಲ್ಲ. ಹೊಗಳುವವರನ್ನು ಯಾರಾದರೂ ತಡೆದು ಕೇಳುತ್ತಾರೆಯೇ?

ಒಂದು ಮುಂಜಾನೆ ಗ್ಯಾರೇಜಿನ ಮುಂದೆ ಕೊಲ್ಲಾಪುರದ ಕಾರೊಂದು ಬಂದು ನಿಂತಿತು. ಅಲ್ಲಿಯವರು ನನ್ನನ್ನು ಹುಡುಕಿಕೊಂಡು ಬಂದರಲ್ಲ ಎಂದು ಹಿಗ್ಗಿ, ಪಕ್ಕದ ಟೈರಿನ ಅಂಗಡಿಯವರನ್ನೂ ಕರೆದು ತೋರಿಸಿದೆ. ಪಾನಾ ಹಿಡಿದು ಬಾನೆಟ್ ಎತ್ತಲು ಹೋದರೆ ಕಾರಿನ ಧಣಿ ತಡೆದರು. ಚೀಲದಿಂದ ತೆಂಗಿನಕಾಯಿ ತೆಗೆದು, ಎರಡೂ ಕೈಯಲ್ಲಿ ಹಿಡಿದುಕೊಂಡು, ಮರಾಠಿ ಬೆರೆಸಿದ ಕನ್ನಡದಲ್ಲಿ ವಿನಯದಿಂದ ಕೇಳಿದರು:

"ಮಹಾರಾಜ, ಬ್ರೇಕ್ ಹತ್ತವಲ್ದು. ಈ ನಾರಳ ಎಲ್ಲಿ ಒಡೀಬೇಕ್ರಿ?"