ಹೊಗೆ ಬಾರದ ಮದ್ದು

ನನ್ನ ನಾಚಿಕೆಯ ವಿಷಯ ನಿಮಗೆ ಗೊತ್ತೇ ಇದೆ, ಮಕ್ಕಳೇ. ಲಿಫ್ಟಿನಲ್ಲಿ ಬೇರೆಯವರಿದ್ದರೆ ನಮ್ಮ ಮಹಡಿಯ ಗುಂಡಿ ಒತ್ತಲು ಸಂಕೋಚಪಟ್ಟು, ಅವರ ಮಹಡಿಯಲ್ಲೇ ಇಳಿದು ಮೆಟ್ಟಿಲು ಹತ್ತಿ ಬರುವವಳು ನಾನು. ನೀವು ನಗುತ್ತೀರಿ. ಆದರೆ ಈ ಗುಣ ಒಂದು ಜೀವವನ್ನೇ ತಿಂದಿದೆ.

ಊರಿನ ಮನೆಯಲ್ಲಿ ಹಂದಿ ಬೆದರಿಸಲು ಒಂದು ಕೇಪಿನ ಕೋವಿ ಇತ್ತು. ಮದ್ದು ತುಂಬಿ, ಕೇಪು ಇಟ್ಟು ಹೊಡೆಯುವಂಥದ್ದು. ಅದಕ್ಕೆ ಕರಿಮದ್ದೇ ಆಗಬೇಕು, ಈಗಿನ ಬಂದೂಕಿನ ತೋಟೆಯೊಳಗಿನ ಹೊಸ ಮದ್ದು ಹಾಕಿದರೆ ಕೋವಿಯೇ ಸಿಡಿಯುತ್ತದೆ ಎಂದು ಅಪ್ಪ ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದರು. ನನ್ನನ್ನು ನೋಡಲು ಗಂಡಿನ ಕಡೆಯವರು ಬಂದ ದಿನ ಅಣ್ಣನಿಗೆ ಅವರೆದುರು ಒಂದು ಈಡು ಹೊಡೆದು ತೋರಿಸುವ ಹುಮ್ಮಸ್ಸು. ಕರಿಮದ್ದು ಮುಗಿದಿತ್ತು. ತೋಟೆ ಒಡೆದು ಬೂದುಬಣ್ಣದ ಮದ್ದು ಸುರಿದ. ಕಾಫಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ನಾನು ಕಂಡೆ. ಅಷ್ಟು ಗಂಡಸರ ಮುಂದೆ ಬಾಯಿ ತೆರೆಯಲಾಗಲಿಲ್ಲ. ಕೋವಿ ಅಣ್ಣನ ಕೈಯಲ್ಲೇ ಸಿಡಿಯಿತು. ಹನ್ನೊಂದು ದಿನ ನರಳಿ ಹೋದ. ಕ್ರಿಯೆಗಳೆಲ್ಲ ಮುಗಿದ ಮೇಲೆ, "ಹುಡುಗಿ ಎದುರು ಮಾತಾಡುವವಳಲ್ಲ" ಎಂದು ಮೆಚ್ಚಿ ಒಪ್ಪಿಕೊಂಡವರೇ ನಿಮ್ಮ ಅಜ್ಜ.

ಅಜ್ಜ ತೀರಿಕೊಂಡ ಮೇಲೆ ನಾನು ಇಲ್ಲಿಯ ಸಲ್ವಾ ಬಡಾವಣೆಯ ಅರಬ್ಬರ ಮನೆಯೊಂದರಲ್ಲಿ ಅಡುಗೆಗಿದ್ದೆನಲ್ಲ, ಅಲ್ಲಿಯ ಯಜಮಾನರನ್ನು ನಾವು ಬಾಬಾ ಎನ್ನುತ್ತಿದ್ದೆವು. ಅವರ ಗಾಜಿನ ಪೆಟ್ಟಿಗೆಯಲ್ಲಿ ಹಳೆಯ ಕೇಪಿನ ರಿವಾಲ್ವರ್ ಒಂದಿತ್ತು. ಕಳೆದ ಚಳಿಗಾಲ ಮರುಭೂಮಿಯ ಡೇರೆಗೆ ಹೊರಡುವ ದಿನ, ಅಲ್ಲಿ ಹೊಡೆಯಲೆಂದು ಅದನ್ನು ಒರೆಸುತ್ತ ಕೂತರು. ಪಕ್ಕದ ಬಟ್ಟಲಿನಲ್ಲಿ ಬೂದುಬಣ್ಣದ ಮದ್ದು.

ನಾನು ಡ್ರೈವರ್ ಸದಾನಂದನನ್ನು ಅಡುಗೆಮನೆಗೆ ಕರೆದೆ. "ಅದು ಎಲ್ಲಿಂದ ಬಂತು?"

"ಬಾಬಾನ ಭಾವ ತೋಟೆ ಒಡೆದು ತೆಗೆದದ್ದು ಅಕ್ಕಾ. ಭಾರೀ ಕ್ಲೀನ್ ಅಂತೆ, ಹೊಗೆಯೇ ಇಲ್ಲ."

"ಅದನ್ನು ಹಾಕಬಾರದು. ನೀನು ಹೇಳು."

"ನಾನಾ? ನನ್ನ ಇಕಾಮಾ ರಿನೀವಲ್ ಉಂಟು ಮಾರಾಯ್ರೆ, ಬಾಬಾ ಸಹಿ ಹಾಕದಿದ್ದರೆ ಊರಿಗೆ ಹೋಗಬೇಕು! ನೀವೇ ಹೇಳಿ."

ಹೇಳಲೆಂದೇ ಚಹಾದ ತಟ್ಟೆ ಹಿಡಿದು ಹೋದೆ. ನಾಲ್ಕು ಗಂಡಸರು ಒಟ್ಟಿಗೆ ತಿರುಗಿ ನೋಡಿದರು. ನಾಲ್ಕು ಲೋಟ ಚಹಾವನ್ನೂ ಬಟ್ಟಲಿನ ಮೇಲೆ ಕವುಚಿದೆ.

"ಅಂಧಾ ಹೈ ಕ್ಯಾ? ಖಲಾಸ್! ಘರ್ ಜಾವ್!" ಎಂದು ಬಾಬಾ ತಮಗೆ ಬರುವ ಹರಕು ಹಿಂದಿಯಲ್ಲಿ ಕೂಗಿದರು.

ಕೆಲಸ ಹೋಯಿತು. ಬಾಬಾ ಕುರುಡಿ ಎಂದದ್ದನ್ನೇ ಹಿಡಿದು, ಕಣ್ಣು ಮಂಜಾಗಿ ಚಹಾ ಚೆಲ್ಲಿತು ಎಂದು ನಿಮ್ಮಮ್ಮನಿಗೆ ಸುಳ್ಳು ಹೇಳಿದೆ. ಪಾಪ, ಅವಳು ಕನ್ನಡಕ ಮಾಡಿಸಿಕೊಟ್ಟಳು. ಬೇಡವೆನ್ನಲು ನಾಚಿಕೆಯಾಗಿ ಅದನ್ನೇ ಹಾಕಿಕೊಂಡು ಗೋಡೆಗೆ ಹಾಯುತ್ತಿದ್ದೇನೆ.

ಈಗ ಮತ್ತೆ ಚಳಿ ಶುರುವಾಗಿದೆ, ಡೇರೆಗಳು ಏಳುತ್ತಿವೆ. ಮೂರು ಸಲ ಆ ಮನೆಗೆ ಫೋನ್ ಮಾಡಿದೆ. ಬಾಬಾ "ಹಲೋ" ಎಂದ ಕೂಡಲೇ ಇಟ್ಟುಬಿಟ್ಟೆ. ನಿಮಗೆ ಇಂಗ್ಲಿಷ್, ಅರಬ್ಬಿ ಎರಡೂ ಬರುತ್ತವೆ, ಕನ್ನಡ ಓದಲು ಮಾತ್ರ ಬಾರದು. ಅಮ್ಮನ ಹತ್ತಿರ ಈ ಕಾಗದ ಓದಿಸಿಕೊಂಡು (ಕನ್ನಡಕದ ಸುಳ್ಳು ಅವಳಿಗೂ ಹೀಗೇ ತಿಳಿಯಲಿ) ಇವತ್ತೇ ಫೋನ್ ಮಾಡಿ. ತೋಟೆಯ ಮದ್ದು ಹಾಕಿದರೆ ಕೈ ಉಳಿಯುವುದಿಲ್ಲ, ಜೀವವೂ ಉಳಿಯಲಿಕ್ಕಿಲ್ಲ ಎಂದು ಬಿಡಿಸಿ ಹೇಳಿ. ಯಾರು ಹೇಳಿದ್ದು ಎಂದು ಕೇಳಿದರೆ ಮಾತ್ರ ನನ್ನ ಹೆಸರು ಹೇಳಬೇಡಿ.